ವಿಂಡೋ ಬಂತು, ಲ್ಯಾಪ್‌ಟಾಪ್ ಹೋಯಿತೇ?

(ದಾವಣಗೆರೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)

ಎಲ್ಲರಿಗೂ ನಮಸ್ಕಾರ.

ಈ ಸಭೆಯಲ್ಲಿ ಮೆಡಿಕಲ್, ಎಂಜಿನಿಯರಿಂಗ್ ಓದುವವರಿದ್ದೀರಿ, ಮಂಡಿಪೇಟೆಯ ವ್ಯಾಪಾರಸ್ಥರಿದ್ದೀರಿ, ಲೆಕ್ಕಪತ್ರ ನೋಡುವವರಿದ್ದೀರಿ, ಪ್ರೆಸ್ ನಡೆಸುವವರಿದ್ದೀರಿ. ಎಲ್ಲರ ಪ್ರಶ್ನೆಯೂ ಒಂದೇ: ಈಗಿನ ಟ್ಯಾಬ್‌ನಲ್ಲಿ ನಾಲ್ಕಾರು ವಿಂಡೋ ಒಟ್ಟಿಗೆ ತೆರೆಯುತ್ತವಂತೆ, ಹಾಗಾದರೆ ಲ್ಯಾಪ್‌ಟಾಪ್ ಇನ್ನೂ ಯಾಕೆ ಬೇಕು?

ಉತ್ತರ ಮೊದಲೇ ಹೇಳಿಬಿಡುತ್ತೇನೆ. ವಿಂಡೋಗಳ ತೊಡಕು ಬಹುಮಟ್ಟಿಗೆ ನೀಗಿದೆ. ನಿಮ್ಮನ್ನು ಲ್ಯಾಪ್‌ಟಾಪಿಗೆ ಕಟ್ಟಿಹಾಕಿರುವುದು ತಿಂಗಳಿಗೊಮ್ಮೆ, ವರ್ಷಕ್ಕೆರಡು ಸಲ ಎದುರಾಗುವ ಒಂದೆರಡು ಕೆಲಸಗಳು. ಒಬ್ಬರಿಗೆ ಅದು ಡಿಜಿಟಲ್ ಸಹಿ, ಇನ್ನೊಬ್ಬರಿಗೆ ಹಳೆಯ ಪ್ರಿಂಟರ್, ಮತ್ತೊಬ್ಬರಿಗೆ ಹತ್ತು ವರ್ಷದ ಹಿಂದೆ ‘ನುಡಿ’ ಎಂಬ ಕನ್ನಡ ತಂತ್ರಾಂಶದಲ್ಲಿ ಮಾಡಿದ ಫೈಲು. ಅಂಗಡಿಗೆ ಹೋಗುವ ಮುನ್ನ ಆ ಕೆಲಸ ಯಾವುದೆಂದು ಪತ್ತೆ ಮಾಡಿಕೊಳ್ಳಿ.

ಇಲ್ಲಿಯವರೆಗಿನ ದಾರಿಯನ್ನು ಬೇಗ ನೋಡಿಬಿಡೋಣ. ಐಪ್ಯಾಡ್ ಬಂದದ್ದು 2010ರಲ್ಲಿ; ಆಗ ಒಂದು ಹೊತ್ತಿಗೆ ಒಂದೇ ಆ್ಯಪ್. 2015ರಲ್ಲಿ ಐಒಎಸ್ 9ರ ಜೊತೆ ಪರದೆಯನ್ನು ಎರಡಾಗಿ ಸೀಳುವ ಸ್ಪ್ಲಿಟ್ ವ್ಯೂ ಬಂತು. 2019ರಲ್ಲಿ ಐಪ್ಯಾಡ್‌ಓಎಸ್ ಎಂಬ ಬೇರೆ ಹೆಸರು ಬಂತು, ಪೆನ್‌ಡ್ರೈವ್ ಓದುವ ಶಕ್ತಿಯೂ ಬಂತು. 2020ರ ಮಾರ್ಚ್‌ನಲ್ಲಿ ಮೌಸ್, ಟ್ರ್ಯಾಕ್‌ಪ್ಯಾಡ್‌ಗೆ ಸರಿಯಾದ ಬೆಂಬಲ ಸಿಕ್ಕಿತು. ಹಲವು ವಿಂಡೋಗಳನ್ನು ಒಟ್ಟಿಗೆ ತೋರಿಸುವ 2022ರ ಸ್ಟೇಜ್ ಮ್ಯಾನೇಜರ್ ದುಬಾರಿ ಮಾದರಿಗಳಿಗಷ್ಟೇ ಸೀಮಿತವಾಗಿತ್ತು. 2025ರ ಸೆಪ್ಟೆಂಬರ್‌ನಲ್ಲಿ ಬಂದ ಐಪ್ಯಾಡ್‌ಓಎಸ್ 26 ಮಾತ್ರ, ಆ ಆವೃತ್ತಿ ಕೂರುವ ಎಲ್ಲ ಐಪ್ಯಾಡ್‌ಗಳಿಗೂ ನಿಜವಾದ ವಿಂಡೋ ಕೊಟ್ಟಿತು. ಪರದೆಯನ್ನು ಕಂಪ್ಯೂಟರಿನಂತೆ ವಿಂಡೋಗಳಲ್ಲಿ ತೋರಿಸುವ ಸ್ಯಾಮ್‌ಸಂಗ್‌ನವರ ಡೆಕ್ಸ್ ಇದಕ್ಕಿಂತ ಹಳೆಯದು. 2017ರಲ್ಲಿ ಫೋನಿಗೆ, ಮರುವರ್ಷ ಟ್ಯಾಬ್ ಎಸ್4ಕ್ಕೆ ಬಂತು. ಈಗ ಎ9 ಪ್ಲಸ್‌ನಂಥ ಕೈಗೆಟುಕುವ ಟ್ಯಾಬ್‌ನಲ್ಲೂ ಇದೆ.

ಬಳಸುವುದು ಹೇಗೆ? ಐಪ್ಯಾಡ್‌ನಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ಮಲ್ಟಿಟಾಸ್ಕಿಂಗ್ ಆ್ಯಂಡ್ ಜೆಸ್ಚರ್ಸ್ ತೆರೆಯಿರಿ, ವಿಂಡೋಡ್ ಆ್ಯಪ್ಸ್ ಆರಿಸಿ. ಆ್ಯಪ್‌ನ ಕೆಳಗಿನ ಬಲಮೂಲೆಯಲ್ಲಿ ಬಾಗಿದ ಗೆರೆಯೊಂದು ಕಾಣುತ್ತದೆ. ಅದನ್ನು ಹಿಡಿದೆಳೆದರೆ ವಿಂಡೋ ಚಿಕ್ಕದಾಗುತ್ತದೆ. ಎಡಮೇಲ್ತುದಿಯ ಮೂರು ಬಣ್ಣದ ಗುಂಡಿಗಳಲ್ಲಿ ಹಸಿರನ್ನು ಒತ್ತಿ ಹಿಡಿದರೆ ಪರದೆಯನ್ನು ಅರ್ಧ, ಮೂರನೇ ಒಂದು, ಕಾಲು ಭಾಗವಾಗಿ ಹಂಚುವ ಆಯ್ಕೆಗಳು ಬರುತ್ತವೆ. ಮೇಲಂಚಿನಿಂದ ಬೆರಳು ಕೆಳಗೆಳೆದರೆ ಮೆನು ಪಟ್ಟಿ. ಸ್ಯಾಮ್‌ಸಂಗ್‌ನಲ್ಲಿ ಮೇಲಿನ ಕ್ವಿಕ್ ಪ್ಯಾನೆಲ್ ಇಳಿಸಿ ಡೆಕ್ಸ್ ಒತ್ತಿದರೆ ಸಾಕು. 11 ಇಂಚಿನ ಪರದೆಯಲ್ಲಿ ಎರಡು ವಿಂಡೋ ಹಾಯಾಗಿ ಕೂರುತ್ತವೆ, ಮೂರನೆಯದಕ್ಕೆ ಇಕ್ಕಟ್ಟು. ನಾಲ್ಕು ತೆರೆದು ಕೆಲಸ ಮಾಡುತ್ತೇನೆ ಅನ್ನುವವರು 13 ಇಂಚು ನೋಡಬೇಕು, ಇಲ್ಲವೇ ಹೊರಗಿನ ಮಾನಿಟರ್ ಹಚ್ಚಬೇಕು.

ಮಾನಿಟರ್ ವಿಷಯದಲ್ಲಿ ಜನ ಎಡವುವುದು ಹೆಚ್ಚು. ಬೇಸ್ ಮಾಡೆಲ್ ಐಪ್ಯಾಡ್‌ಗೂ ಯುಎಸ್‌ಬಿ-ಸಿ ಕಿಂಡಿ ಇದೆ, ಮಾನಿಟರ್ ಹಚ್ಚಿದರೆ ಚಿತ್ರವೂ ಬರುತ್ತದೆ. ಆದರೆ ಬರುವುದು ಟ್ಯಾಬ್‌ನ ಪ್ರತಿಬಿಂಬ ಮಾತ್ರ, ಎರಡೂ ಬದಿಗೆ ಕಪ್ಪು ಪಟ್ಟಿಯ ಸಮೇತ. ಮಾನಿಟರ್ ಮೇಲೆ ಬೇರೆಯೇ ವಿಂಡೋಗಳನ್ನು ಹರಡಬೇಕಾದರೆ ಎಂ ಸರಣಿಯ ಚಿಪ್ ಬೇಕು, ಅಂದರೆ ಏರ್ ಅಥವಾ ಪ್ರೊ. ಅದೇ ಕಿಂಡಿಯ ವೇಗವೂ ಬೇರೆ ಬೇರೆ. 10ನೇ ತಲೆಮಾರಿನ ಬೇಸ್ ಐಪ್ಯಾಡ್‌ನದು ಯುಎಸ್‌ಬಿ 2.0, ಸೆಕೆಂಡಿಗೆ 480 ಮೆಗಾಬಿಟ್. ಎಂ1 ಏರ್‌ನದು 10 ಗಿಗಾಬಿಟ್. ಮದುವೆ ವಿಡಿಯೋ ತೆಗೆಯುವವರು 60 ಜಿಬಿ ಫೈಲುಗಳನ್ನು ಮೊದಲನೆಯದಕ್ಕೆ ಸಾಗಿಸಲು ಕೂತರೆ ಅರ್ಧ ಗಂಟೆ ಹೋಗುತ್ತದೆ.

ಇನ್ನು ವಿಂಡೋದ ಹಿಂದೆ ನಡೆಯುವುದು. ಲ್ಯಾಪ್‌ಟಾಪ್‌ನಲ್ಲಿ ರ‍್ಯಾಮ್ ತುಂಬಿದರೆ ಉಳಿದದ್ದನ್ನು ಡಿಸ್ಕಿಗೆ ಬರೆದಿಡುತ್ತದೆ. ನಿಧಾನವಾಗುತ್ತದೆ, ಆದರೆ ಪ್ರೋಗ್ರಾಂ ಸಾಯುವುದಿಲ್ಲ. ಟ್ಯಾಬ್‌ನ ಪದ್ಧತಿ ಬೇರೆ. ನೀವು ನೋಡದೆ ಬಿಟ್ಟ ಆ್ಯಪನ್ನು ಅದು ಸದ್ದಿಲ್ಲದೆ ಮುಗಿಸಿಬಿಡುತ್ತದೆ, ಮತ್ತೆ ಮುಟ್ಟಿದಾಗ ಮೊದಲಿನಿಂದ ತೆರೆಯುತ್ತದೆ. ಇದರ ಲಕ್ಷಣ ಸುಲಭವಾಗಿ ಕಾಣುತ್ತದೆ. ಬ್ರೌಸರ್‌ನಲ್ಲಿ ಅರ್ಜಿಯೊಂದನ್ನು ಮುಕ್ಕಾಲು ತುಂಬಿ, ಆಧಾರ್ ಪ್ರತಿ ಹುಡುಕಲು ಫೋಟೋಗಳಿಗೆ ಹೋಗಿ, ದೊಡ್ಡದೊಂದು ಪಿಡಿಎಫ್ ತೆರೆದು ಮರಳುವಷ್ಟರಲ್ಲಿ ಪುಟ ಬೆಳ್ಳಗಾಗಿ ಮತ್ತೆ ಲೋಡ್ ಆಗುತ್ತದೆ, ತುಂಬಿದ್ದೆಲ್ಲ ಹೋಗುತ್ತದೆ. 4 ಜಿಬಿ ರ‍್ಯಾಮ್‌ನ ಟ್ಯಾಬ್‌ಗಳಲ್ಲಿ ಇದು ದಿನಾ ಆಗುವ ಸಂಗತಿ. ಎರಡೂ ವಿಂಡೋಗಳನ್ನು ಪಕ್ಕಪಕ್ಕದಲ್ಲಿ ಕಾಣುವಂತೆ ಇಟ್ಟುಕೊಂಡರೆ ಅಪಾಯ ತಗ್ಗುತ್ತದೆ, ಯಾಕೆಂದರೆ ಕಣ್ಣೆದುರಿಗಿರುವ ಆ್ಯಪನ್ನು ವ್ಯವಸ್ಥೆ ಕೊನೆಗೆ ಮುಟ್ಟುತ್ತದೆ. ಹೊಸ ವಿಂಡೋ ವ್ಯವಸ್ಥೆಯ ದೊಡ್ಡ ಉಪಕಾರ ನನ್ನ ಮಟ್ಟಿಗೆ ಇದೇ. ಆದರೂ ಕೆಲಸಕ್ಕೆಂದು ಕೊಳ್ಳುವವರು 8 ಜಿಬಿ ರ‍್ಯಾಮ್‌ಗಿಂತ ಕೆಳಗೆ ಇಳಿಯಬೇಡಿ.

ಹಿನ್ನೆಲೆಯ ಕೆಲಸವೂ ಇದೇ ಜಾತಿಯದು. ವಿಡಿಯೋ ಎಕ್ಸ್‌ಪೋರ್ಟ್‌ಗೆ ಹಚ್ಚಿ ವಾಟ್ಸ್‌ಆ್ಯಪ್ ನೋಡಲು ಹೋದರೆ ಎಕ್ಸ್‌ಪೋರ್ಟ್ ನಿಂತುಬಿಡುತ್ತಿತ್ತು. ಐಪ್ಯಾಡ್‌ಓಎಸ್ 26ರಲ್ಲಿ ನೀವೇ ಆರಂಭಿಸಿದ ದೀರ್ಘ ಕೆಲಸ ಹಿನ್ನೆಲೆಯಲ್ಲೂ ಮುಂದುವರಿಯಲು ಅವಕಾಶವಿದೆ. ಆದರೆ ಆ್ಯಪ್ ಮಾಡಿದವರು ಅದಕ್ಕೆ ತಕ್ಕಂತೆ ಬರೆದಿದ್ದರೆ ಮಾತ್ರ. ನೀವು ಬಳಸುವ ಆ್ಯಪ್‌ನಲ್ಲಿ ಅದಿದೆಯೇ ಎಂದು ಪರೀಕ್ಷಿಸಿ ನಂಬಿ.

ಈಗ ಮೇಜಿನ ಮೇಲಿನ ಉಪಕರಣಗಳಿಗೆ ಬರೋಣ. ನಮ್ಮೂರಿನ ಎಷ್ಟೋ ಅಂಗಡಿ, ಜೆರಾಕ್ಸ್ ಕೇಂದ್ರಗಳಲ್ಲಿ ಎಚ್‌ಪಿ ಲೇಸರ್‌ಜೆಟ್ 1020 ಥರದ ಯುಎಸ್‌ಬಿ ಪ್ರಿಂಟರ್ ಇನ್ನೂ ಗಟ್ಟಿಯಾಗಿ ದುಡಿಯುತ್ತಿದೆ. ಅದರಲ್ಲಿ ವೈಫೈ ಇಲ್ಲ. ಅಷ್ಟೇ ಅಲ್ಲ, ಸ್ವಿಚ್ ಹಾಕಿದಾಗಲೆಲ್ಲ ಅದರೊಳಗೆ ಓಡುವ ತಂತ್ರಾಂಶವಾದ ಫರ್ಮ್‌ವೇರನ್ನು ಕಂಪ್ಯೂಟರಿನ ಡ್ರೈವರೇ, ಅಂದರೆ ಪ್ರಿಂಟರನ್ನು ನಡೆಸುವ ಪ್ರೋಗ್ರಾಮೇ, ಕಳಿಸಬೇಕು, ಪುಟದ ಚಿತ್ರವನ್ನೂ ಕಂಪ್ಯೂಟರೇ ಸಿದ್ಧಮಾಡಿ ಕೊಡಬೇಕು. ಐಪ್ಯಾಡ್‌ನಲ್ಲಿ ಆ ಡ್ರೈವರ್ ಇಲ್ಲ. ಕೇಬಲ್ ಹಚ್ಚಿದರೂ ಪ್ರಿಂಟರ್ ಮಿಸುಕುವುದಿಲ್ಲ. ಐಪ್ಯಾಡ್‌ಗೆ ಏರ್‌ಪ್ರಿಂಟ್ ಇರುವ, ಆಂಡ್ರಾಯ್ಡ್‌ಗೆ ಮಾಪ್ರಿಯಾ ಇರುವ ವೈಫೈ ಪ್ರಿಂಟರ್ ಬೇಕು; ಇವೆರಡೂ ಬೇರೆ ಡ್ರೈವರ್ ಇಲ್ಲದೆ ಮುದ್ರಿಸುವ ವ್ಯವಸ್ಥೆಗಳು. ಟ್ಯಾಬ್ ದರದ ಜೊತೆ ಈ ಖರ್ಚನ್ನೂ ಕೂಡಿಸಿಕೊಳ್ಳಿ.

ಹಾರ್ಡ್‌ಡಿಸ್ಕ್‌ಗಳದು ಎರಡು ತಕರಾರು. ವಿಂಡೋಸ್‌ನಲ್ಲಿ ಎನ್‌ಟಿಎಫ್‌ಎಸ್ ಎಂಬ ಕಡತ ವಿನ್ಯಾಸದಲ್ಲಿ ಫಾರ್ಮ್ಯಾಟ್ ಆದ ಡಿಸ್ಕಿಗೆ ಐಪ್ಯಾಡ್ ಬರೆಯಲಾರದು. ಅದರಲ್ಲಿರುವುದನ್ನೆಲ್ಲ ಬೇರೆಡೆ ನಕಲು ಮಾಡಿ, ವಿಂಡೋಸ್‌ನಲ್ಲಿ ಡ್ರೈವ್ ಮೇಲೆ ಬಲಕ್ಲಿಕ್ ಮಾಡಿ, ಫಾರ್ಮ್ಯಾಟ್‌ನಲ್ಲಿ ಎರಡೂ ಕಡೆ ಬರೆಯಲು ಬರುವ ಎಕ್ಸ್‌ಫ್ಯಾಟ್ ಆರಿಸಿ. ನಕಲು ಮಾಡಿಟ್ಟುಕೊಳ್ಳದೆ ಈ ಹೆಜ್ಜೆ ಇಡಬೇಡಿ. ಫಾರ್ಮ್ಯಾಟ್ ಎಲ್ಲವನ್ನೂ ಅಳಿಸುತ್ತದೆ. ಎರಡನೆಯದು ವಿದ್ಯುತ್ತು. ತಿರುಗುವ ತಟ್ಟೆಯ ಡಿಸ್ಕ್ ಶುರುವಾಗುವಾಗ ಹೆಚ್ಚು ಕರೆಂಟ್ ಎಳೆಯುತ್ತದೆ, ಟ್ಯಾಬ್ ಅಷ್ಟು ಕೊಡದೆ ಹೋದರೆ ಡಿಸ್ಕ್ ಟಿಕ್ ಟಿಕ್ ಎಂದು ಸದ್ದು ಮಾಡಿ ಸುಮ್ಮನಾಗುತ್ತದೆ. ಚಾರ್ಜರ್ ಹಚ್ಚಲು ಪ್ರತ್ಯೇಕ ಕಿಂಡಿಯಿರುವ ಯುಎಸ್‌ಬಿ-ಸಿ ಹಬ್ ಇದ್ದರೆ ಈ ಸಮಸ್ಯೆ ಬರುವುದಿಲ್ಲ.

ಕನ್ನಡದ ವಿಷಯಕ್ಕೆ ಸ್ವಲ್ಪ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತೇನೆ, ಇದನ್ನು ಮಾರುವವರು ಯಾರೂ ಹೇಳುವುದಿಲ್ಲ. ಯೂನಿಕೋಡ್, ಅಂದರೆ ಎಲ್ಲ ಸಾಧನಗಳಿಗೂ ಒಂದೇ ಆದ ಅಕ್ಷರ ಸಂಕೇತದ ಕನ್ನಡ, ಯಾವ ಟ್ಯಾಬ್‌ನಲ್ಲೂ ಚೆಂದವಾಗಿ ಕಾಣುತ್ತದೆ. ತೊಂದರೆ ಹಳೆಯ ಕಡತಗಳದು. ಗ್ರಾಮ ಪಂಚಾಯಿತಿ ನಡಾವಳಿ, ಸಹಕಾರ ಸಂಘದ ವರದಿ, ಕಾಲೇಜಿನ ಪ್ರಶ್ನೆಪತ್ರಿಕೆ ಇವುಗಳಲ್ಲಿ ಬಹಳಷ್ಟು ನುಡಿಯ ಆಸ್ಕಿ ಅಕ್ಷರಗಳಲ್ಲಿ ಕೂತಿವೆ. ಆಸ್ಕಿ ಫಾಂಟ್‌ನಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಆಕಾರಗಳನ್ನು ಕೂರಿಸಿರುತ್ತಾರೆ. ಅಂಥ ಫೈಲನ್ನು ಟ್ಯಾಬ್‌ನಲ್ಲಿ ತೆರೆದರೆ ‘ಕನ್ನಡ’ ಎಂಬ ಪದ ಇರಬೇಕಾದ ಕಡೆ ಮೊದಲು ಇಂಗ್ಲಿಷಿನ ಪಿ, ಆಮೇಲೆ ತಲೆಮೇಲೆ ಗೀಟಿರುವ ಎ, ಆಮೇಲೆ ಇಂಗ್ಲೆಂಡಿನ ಪೌಂಡ್ ಹಣದ ಗುರುತು ಕಾಣುತ್ತದೆ. ಫೈಲು ಕೆಟ್ಟಿಲ್ಲ, ಫಾಂಟ್ ಇಲ್ಲ ಅಷ್ಟೇ. ಫಾಂಟ್ ಕೂರಿಸುವ ಆ್ಯಪ್ ಹಾಕಿಕೊಂಡು ಆ ನುಡಿ ಫಾಂಟನ್ನು ಐಪ್ಯಾಡ್‌ಗೆ ಸೇರಿಸಿದರೆ ಓದಲು ಬರುತ್ತದೆ. ಆದರೆ ಅದೇ ಕಡತಕ್ಕೆ ಹೊಸ ಸಾಲು ಸೇರಿಸಲು ನುಡಿ ತಂತ್ರಾಂಶವೇ ಬೇಕು, ಅದು ವಿಂಡೋಸ್‌ನದು.

ಆದ್ದರಿಂದ ಲ್ಯಾಪ್‌ಟಾಪ್ ಕೈಯಲ್ಲಿರುವಾಗಲೇ ಹಳೆಯ ಕಡತಗಳನ್ನು ಆಸ್ಕಿಯಿಂದ ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಿ. ಪರಿವರ್ತನೆಯಾದ ಮೇಲೆ ಅರ್ಕಾವೊತ್ತು, ಒತ್ತಕ್ಷರ, ಅಂಕಿಗಳಿರುವ ಕೋಷ್ಟಕ ಈ ಮೂರನ್ನು ಕಣ್ಣಿಟ್ಟು ನೋಡಿ, ತಪ್ಪು ನುಸುಳುವುದು ಅಲ್ಲೇ. ಪೂರ್ತಿ ಕಡತವನ್ನು ಪರಿವರ್ತಿಸಿದಾಗ ನಡುವೆ ಇದ್ದ ಇಂಗ್ಲಿಷ್ ಪದಗಳೂ ಕನ್ನಡ ಅಕ್ಷರಗಳ ರಾಶಿಯಾಗಿಬಿಡುತ್ತವೆ, ಅವನ್ನು ಕೈಯಾರೆ ತಿದ್ದಬೇಕು. ಟೈಪಿಂಗ್ ವಿಚಾರದಲ್ಲಿ, ನುಡಿ ಕೀಲಿಮಣೆಗೆ ಬೆರಳು ಒಗ್ಗಿರುವವರು ಅಂಗಡಿಯಲ್ಲೇ ಬ್ಲೂಟೂತ್ ಕೀಬೋರ್ಡ್ ಹಚ್ಚಿಸಿ ಒಂದು ಪುಟ ಟೈಪ್ ಮಾಡಿ ನೋಡಿ. ಪರದೆಯ ಮೇಲಿನ ಕೀಲಿಮಣೆ ಕನ್ನಡ ಮೂಡಿಸಿತೆಂದು ಹೊರಗಿನ ಕೀಬೋರ್ಡ್ ಕೂಡ ಅದೇ ವಿನ್ಯಾಸದಲ್ಲಿ ಮೂಡಿಸುತ್ತದೆಂಬ ಖಾತರಿಯಿಲ್ಲ. ಇನ್ನು ಪೇಜ್‌ಮೇಕರ್‌ನಲ್ಲಿ ಲಗ್ನಪತ್ರಿಕೆ, ಕರಪತ್ರ ಮಾಡುವ ಪ್ರೆಸ್‌ನವರಿಗೆ ಟ್ಯಾಬ್ ಬದಲಿಯಲ್ಲ, ಇದರಲ್ಲಿ ಎರಡನೇ ಮಾತಿಲ್ಲ.

ವ್ಯಾಪಾರಸ್ಥರಿಗೆ: ಟ್ಯಾಲಿಪ್ರೈಮ್ ವಿಂಡೋಸ್ ತಂತ್ರಾಂಶ. ಅದರ ವರದಿಗಳನ್ನು ಬ್ರೌಸರ್‌ನಲ್ಲಿ ನೋಡಬಹುದು. ವೋಚರ್ ನಮೂದು ಕಂಪ್ಯೂಟರಿನಲ್ಲೇ. ಜಿಎಸ್‌ಟಿ ರಿಟರ್ನ್ ಅನ್ನು ಏಕಮಾಲೀಕರು ಒಟಿಪಿ ಮೂಲಕ ದೃಢೀಕರಿಸಬಹುದಾದ್ದರಿಂದ ಅವರಿಗೆ ಟ್ಯಾಬ್ ಸಾಕಾಗುತ್ತದೆ. ಕಂಪನಿ ಅಥವಾ ಎಲ್‌ಎಲ್‌ಪಿ (ಸೀಮಿತ ಹೊಣೆಯ ಪಾಲುದಾರಿಕೆ) ಆದರೆ ಡಿಜಿಟಲ್ ಸಹಿ ಬೇಕು. ಆ ಸಹಿ ಇರುವ ಯುಎಸ್‌ಬಿ ಟೋಕನ್‌ಗೆ ಡ್ರೈವರ್ ಬೇಕು, ಪೋರ್ಟಲ್‌ಗೂ ಟೋಕನ್‌ಗೂ ನಡುವೆ ಎಂಸೈನರ್ ಎಂಬ ಸಣ್ಣ ಪ್ರೋಗ್ರಾಂ ಓಡಬೇಕು. ಎರಡಕ್ಕೂ ಟ್ಯಾಬ್‌ನಲ್ಲಿ ಜಾಗವಿಲ್ಲ. ಎಕ್ಸೆಲ್ ನೆಚ್ಚಿಕೊಂಡವರಿಗೆ ಇನ್ನೊಂದು ಮಾತು: ಟ್ಯಾಬ್‌ನ ಎಕ್ಸೆಲ್‌ನಲ್ಲಿ ಮ್ಯಾಕ್ರೋ, ಅಂದರೆ ಕೆಲಸವನ್ನು ತಾನೇ ಮಾಡುವ ಪುಟ್ಟ ಪ್ರೋಗ್ರಾಂ, ಓಡುವುದಿಲ್ಲ. ಪರದೆ 10.1 ಇಂಚಿಗಿಂತ ದೊಡ್ಡದಾದರೆ ತಿದ್ದುಪಡಿ ಮಾಡಲು ಮೈಕ್ರೋಸಾಫ್ಟ್ 365 ಚಂದಾ ಬೇಕು.

ವಿಂಡೋಸ್ ಇರುವ ಟ್ಯಾಬ್ ಕೊಂಡರೆ ಇದೆಲ್ಲ ತೀರುತ್ತದಲ್ಲ ಎನ್ನಬಹುದು. ಇಂಟೆಲ್ ಚಿಪ್ ಇದ್ದರೆ ನಿಜ. ಸ್ನ್ಯಾಪ್‌ಡ್ರ್ಯಾಗನ್ ಚಿಪ್ ಇದ್ದರೆ ಹಳೆಯ ಪ್ರೋಗ್ರಾಂಗಳು ಓಡುತ್ತವೆ, ಆದರೆ ಡ್ರೈವರ್‌ಗಳು ಆರ್ಮ್ ಚಿಪ್‌ಗೆಂದೇ ಬರೆದಿರಬೇಕು. ಟೋಕನ್, ಹಳೆಯ ಪ್ರಿಂಟರ್ ಮತ್ತೆ ಅಲ್ಲೇ ಸಿಕ್ಕಿಬೀಳುತ್ತವೆ.

ಬಿಟ್ಟುಬಿಡಲಾಗದ ಕಂಪ್ಯೂಟರ್ ಅಂಗಡಿಯಲ್ಲೇ ಇರಲಿ, ಟ್ಯಾಬ್‌ನಿಂದ ಅದನ್ನು ನಡೆಸೋಣ ಎಂಬುದು ಒಳ್ಳೆಯ ಏರ್ಪಾಡು. ಚಳ್ಳಕೆರೆಯ ಎಣ್ಣೆ ಗಿರಣಿಯ ಲೆಕ್ಕವನ್ನು ದಾವಣಗೆರೆಯ ಮನೆಯಿಂದ ನೋಡಬಹುದು. ವಿಂಡೋಸ್ ಹೋಮ್ ಆವೃತ್ತಿ ರಿಮೋಟ್ ಡೆಸ್ಕ್‌ಟಾಪ್ ಸಂಪರ್ಕವನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ವಿಂಡೋಸ್ ಪ್ರೊ ಬೇಕು, ಇಲ್ಲವೇ ದೂರದಿಂದ ಕಂಪ್ಯೂಟರ್ ನಡೆಸುವ ಎನಿಡೆಸ್ಕ್‌ನಂಥ ಆ್ಯಪ್. ಸಹಿ ಹಾಕುವುದಿದ್ದರೆ ಇಲ್ಲೊಂದು ತೊಡಕಿದೆ. ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಒಳಹೊಕ್ಕಾಗ ಆ ಕಂಪ್ಯೂಟರಿಗೆ ಚುಚ್ಚಿರುವ ಸ್ಮಾರ್ಟ್‌ಕಾರ್ಡ್ ಬಗೆಯ ಟೋಕನ್ ನಿಮಗೆ ಕಾಣುವುದಿಲ್ಲ, ವ್ಯವಸ್ಥೆ ಅದನ್ನು ನಿಮ್ಮ ಕೈಯಲ್ಲಿರುವ ಸಾಧನದಲ್ಲಿ ಹುಡುಕುತ್ತದೆ. ಎನಿಡೆಸ್ಕ್ ಅಲ್ಲಿನ ಪರದೆಯನ್ನೇ ತೋರಿಸುವುದರಿಂದ ಅದರಲ್ಲಿ ಕಾಣುತ್ತದೆ. ಹಾಗೆಂದು ಟೋಕನ್ನನ್ನು ಸದಾ ಚುಚ್ಚಿಡಬೇಡಿ. ಸಹಿ ಹಾಕುವ ದಿನ ಅಂಗಡಿಯವರಿಂದ ಹಾಕಿಸಿ, ತೆಗೆಸಿ. ಕರೆಂಟ್ ಹೋಗಿ ಬಂದಾಗ ಕಂಪ್ಯೂಟರ್ ತಾನೇ ಏಳಬೇಕಾದರೆ ಬಯೋಸ್‌ನಲ್ಲಿ (ಕಂಪ್ಯೂಟರಿನ ಮೂಲ ಸೆಟ್ಟಿಂಗ್ಸ್ ಪುಟ) ಎಸಿ ಪವರ್ ಲಾಸ್ ಎಂಬ ಆಯ್ಕೆಯನ್ನು ಪವರ್ ಆನ್ ಮಾಡಿಡಿ. ರೂಟರ್‌ಗೂ ಯುಪಿಎಸ್ ಇರಲಿ, ಅದು ಆರಿದರೆ ಕಂಪ್ಯೂಟರ್ ಎದ್ದಿದ್ದೂ ಪ್ರಯೋಜನವಿಲ್ಲ.

ವಿದ್ಯಾರ್ಥಿಗಳೇ, ಮೆಡಿಕಲ್‌ನವರಿಗೆ ನಾನು ಟ್ಯಾಬನ್ನೇ ಹೇಳುವುದು. ಒಂದು ಕಡೆ ಪಠ್ಯದ ಪಿಡಿಎಫ್, ಇನ್ನೊಂದು ಕಡೆ ಪೆನ್ನಿನಿಂದ ಬರೆಯುವ ನೋಟ್ಸು. ನರ, ರಕ್ತನಾಳಗಳ ಚಿತ್ರ ಬಿಡಿಸುವುದಕ್ಕೆ ಲ್ಯಾಪ್‌ಟಾಪ್ ಇದರ ಹತ್ತಿರವೂ ಬರುವುದಿಲ್ಲ. ಎಂಜಿನಿಯರಿಂಗ್‌ನವರಿಗೆ ಲ್ಯಾಪ್‌ಟಾಪ್. ಆಂಡ್ರಾಯ್ಡ್ ಟ್ಯಾಬ್‌ನಲ್ಲಿ ಟರ್ಮಕ್ಸ್ ಎಂಬ ಆ್ಯಪ್ ಹಾಕಿ ಸಿ, ಪೈಥಾನ್ ಪ್ರೋಗ್ರಾಮಿಂಗ್ ಅಭ್ಯಾಸ ಮಾಡಬಹುದು, ನಿಜ. ಆದರೆ ಪೂರ್ಣ ಆಟೋಕ್ಯಾಡ್, ಆಂಡ್ರಾಯ್ಡ್ ಸ್ಟುಡಿಯೋ, ಎಫ್‌ಪಿಜಿಎ (ಬೇಕಾದಂತೆ ರೂಪಿಸಿಕೊಳ್ಳುವ ಚಿಪ್) ಪ್ರಯೋಗಾಲಯದ ತಂತ್ರಾಂಶ ಇವು ಅಲ್ಲಿ ಕೂರುವುದಿಲ್ಲ. ಉದ್ಯೋಗ ನೇಮಕಾತಿಯ ಎಷ್ಟೋ ಆನ್‌ಲೈನ್ ಪರೀಕ್ಷೆಗಳು ಟ್ಯಾಬನ್ನು ಒಳಗೇ ಬಿಡುವುದಿಲ್ಲ.

ನಮ್ಮ ಏಪ್ರಿಲ್, ಮೇ ಬಿಸಿಲಿಗೆ ಸಂಬಂಧಿಸಿದ ಒಂದು ಮಾತು. ಐಪ್ಯಾಡ್ ಕೆಲಸ ಮಾಡಲು ಕಂಪನಿ ಹೇಳುವ ಸುತ್ತಲಿನ ಉಷ್ಣಾಂಶ 35 ಡಿಗ್ರಿ ತನಕ. ದಾವಣಗೆರೆ, ಚಿತ್ರದುರ್ಗದ ಮಧ್ಯಾಹ್ನಗಳು ಅದನ್ನು ದಾಟುತ್ತವೆ. ಟ್ಯಾಬ್‌ನೊಳಗೆ ಫ್ಯಾನ್ ಇಲ್ಲ. ಕಾದಾಗ ಪರದೆ ಮಂಕಾಗುತ್ತದೆ, ಚಾರ್ಜಿಂಗ್ ನಿಲ್ಲುತ್ತದೆ, ವಿಡಿಯೋ ಕರೆ ತಡವರಿಸುತ್ತದೆ. ದಪ್ಪ ಕವರ್ ತೆಗೆದು ಫ್ಯಾನಿನ ಗಾಳಿಗಿಡಿ, ಫ್ರಿಜ್‌ಗೆ ಇಡಬೇಡಿ. ಒಳಗೆ ತೇವ ಕಟ್ಟುತ್ತದೆ. ಕರೆಂಟ್ ಹೋದಾಗ ಮಾತ್ರ ಗೆಲುವು ಟ್ಯಾಬ್‌ನದೇ. ಬೇಸ್ ಐಪ್ಯಾಡ್‌ನ ಬ್ಯಾಟರಿ ಸುಮಾರು 29 ವಾಟ್-ಅವರ್. 10,000 ಎಂಎಎಚ್ ಪವರ್‌ಬ್ಯಾಂಕ್‌ನಲ್ಲಿರುವುದು 37. ಸೋರಿಕೆ ಕಳೆದರೂ ಮುಕ್ಕಾಲು ಪಾಲು ತುಂಬುತ್ತದೆ. 65 ವಾಟ್ ಬೇಡುವ ಲ್ಯಾಪ್‌ಟಾಪಿಗೆ ಆ ಪವರ್‌ಬ್ಯಾಂಕ್ ಲೆಕ್ಕಕ್ಕಿಲ್ಲ.

ಹಗುರ ಎಂಬ ಕಾರಣಕ್ಕೆ ಕೊಳ್ಳುವವರು ತೂಕವನ್ನು ಕೀಬೋರ್ಡ್ ಸಮೇತ ನೋಡಿ. 13 ಇಂಚಿನ ಐಪ್ಯಾಡ್ ಪ್ರೊ ತನ್ನ ಮ್ಯಾಜಿಕ್ ಕೀಬೋರ್ಡ್ ಜೊತೆ ಸುಮಾರು ಒಂದೂಕಾಲು ಕೆಜಿ ತೂಗುತ್ತದೆ, 13 ಇಂಚಿನ ಮ್ಯಾಕ್‌ಬುಕ್ ಏರ್ ಕೂಡ ಅಷ್ಟೇ.

ಇನ್ನು ನಿಮ್ಮ ಪ್ರಶ್ನೆಗಳು. ಕೇಳುವಾಗ ನಿಮ್ಮ ಪ್ರಿಂಟರ್ ಮಾದರಿ, ನೀವು ತೆರೆಯುವ ಅತಿ ಹಳೆಯ ಫೈಲಿನ ಬಗೆ, ಸಹಿ ಟೋಕನ್ ಇದೆಯೋ ಇಲ್ಲವೋ, ಈ ಮೂರನ್ನೂ ಹೇಳಿ. ಯಾವ ಮಾದರಿ ಸರಿಹೊಂದುತ್ತದೆಂದು ಇಲ್ಲೇ ನೋಡೋಣ.