71ನೇ ನಂಬರಿನ ಟ್ರಾಮ್: ವಿಯೆನ್ನಾದಲ್ಲಿ ಸಂಗೀತ ವಿದ್ಯಾರ್ಥಿಯ ಒಂದು ದಿನ

ಎಲ್ಲರಿಗೂ ನಮಸ್ಕಾರ.

ಪಾಶ್ಚಾತ್ಯ ಸಂಗೀತ ಕಲಿಯಲು ವಿಯೆನ್ನಾಕ್ಕೆ ಹೊರಟವರು ಇಲ್ಲಿ ಕೆಲವರಿದ್ದೀರಿ, ಅರ್ಜಿ ಹಾಕಿ ಕಾಯುತ್ತಿರುವವರೂ ಇದ್ದೀರಿ. ತರಗತಿ, ಪರೀಕ್ಷೆಗಳ ವಿಚಾರ ಬೇರೆಯವರು ಹೇಳುತ್ತಾರೆ. ಇವತ್ತಿನ ಮಾತು ಒಂದು ಬಿಡುವಿನ ದಿನದ್ದು. ಮೊಜಾರ್ಟ್, ಬೀಥೋವನ್, ಶೂಬರ್ಟ್ ಇದ್ದ ಜಾಗಗಳನ್ನು ಬೆಳಿಗ್ಗೆಯಿಂದ ರಾತ್ರಿಯೊಳಗೆ ಎರಡು ಟ್ರಾಮ್ ಮಾರ್ಗಗಳಲ್ಲೇ ನೋಡಿ ಮುಗಿಸುವುದು ಹೇಗೆ ಎಂಬುದು ವಿಷಯ. ಮೊದಲೇ ಒಂದು ಎಚ್ಚರಿಕೆ: ಈ ಊರಿನಲ್ಲಿ ಕಲ್ಲು ಇರುವ ಕಡೆಯೆಲ್ಲ ಮೂಳೆ ಇರುವುದಿಲ್ಲ. ಯಾವುದು ಮೂಲದ್ದು, ಯಾವುದು ಆಮೇಲೆ ತಂದಿಟ್ಟದ್ದು ಎಂದು ತಿಳಿದುಕೊಂಡೇ ಹೋಗಿ.

ಸೋಮವಾರ ಬೇಡ. ನಗರದ ವಸ್ತುಸಂಗ್ರಹಾಲಯ ನಡೆಸುವ ಸಂಗೀತಗಾರರ ಮನೆಗಳಿಗೆ ಅಂದು ರಜೆ. ಉಳಿದ ದಿನ ಬೆಳಿಗ್ಗೆ 10ಕ್ಕೆ ತೆರೆದು ಸಂಜೆ 6ಕ್ಕೆ ಮುಚ್ಚುತ್ತವೆ. ನಡುವೆ 1ರಿಂದ 2ರವರೆಗೆ ಊಟದ ಬಿಡುವು. ಹೊಸಬರ ದಿನ ಕೆಡುವುದು ಹೆಚ್ಚಾಗಿ ಇಲ್ಲೇ: 12.50ಕ್ಕೆ ನಾಲ್ಕು ಮಹಡಿ ಹತ್ತಿ, ಏದುಸಿರು ಬಿಡುತ್ತ ಬಾಗಿಲು ಮುಟ್ಟುವ ಹೊತ್ತಿಗೆ ಬೀಗ ಬಿದ್ದಿರುತ್ತದೆ. ದುರಸ್ತಿಗೆಂದು ತಿಂಗಳುಗಟ್ಟಲೆ ಮುಚ್ಚುವ ಮನೆಗಳೂ ಉಂಟು, ಹಿಂದಿನ ರಾತ್ರಿ ಅವರ ಜಾಲತಾಣ ನೋಡಿ. ತಿಂಗಳ ಮೊದಲ ಭಾನುವಾರ ಪ್ರವೇಶ ಉಚಿತ, ಜನವೂ ಅಷ್ಟೇ ಹೆಚ್ಚು.

24 ಗಂಟೆಯ ಟಿಕೆಟ್ ಕೊಂಡುಕೊಳ್ಳಿ. ಕಾಗದದ ಟಿಕೆಟ್ ಆದರೆ ನೀಲಿ ಯಂತ್ರದಲ್ಲಿ ತೂರಿಸಿ ಮುದ್ರೆ ಬೀಳಿಸಲೇಬೇಕು. ದುಡ್ಡು ಕೊಟ್ಟಿದ್ದೇನಲ್ಲ ಎಂದರೆ ತಪಾಸಣೆಯವರು ಕೇಳುವುದಿಲ್ಲ. ದಂಡ ನೂರು ಯೂರೋಗೂ ಮೇಲೆ.

ಮನೆಗಳು ತೆರೆಯುವುದು 10ಕ್ಕೆ, ಸ್ಮಶಾನ ಅದಕ್ಕಿಂತ ಬೇಗ. ಹಾಗಾಗಿ ದಿನ ಶುರುವಾಗಬೇಕಾದ್ದು ಕೇಂದ್ರ ಸ್ಮಶಾನ, ಅಂದರೆ ಸೆಂಟ್ರಾಲ್‌ಫ್ರೀಡ್‌ಹೋಫ್‌ನಿಂದ. ಶ್ವಾರ್ಜೆನ್‌ಬರ್ಗ್‌ಪ್ಲಾಟ್ಸ್‌ನಲ್ಲಿ 71 ಹತ್ತಿದರೆ ಅರ್ಧ ಗಂಟೆಗೂ ಮೇಲೆ ಬೇಕು. 'ಅವನು 71 ಹತ್ತಿದ' ಎಂದರೆ ವಿಯೆನ್ನಾದವರ ಬಾಯಲ್ಲಿ ಸತ್ತ ಎಂದೇ ಅರ್ಥ. ಇಳಿಯಬೇಕಾದ್ದು ಎರಡನೇ ದ್ವಾರದಲ್ಲಿ. ಮೊದಲನೆಯದರಲ್ಲಿ ಇಳಿದರೆ ಹಳೆಯ ಯಹೂದಿ ವಿಭಾಗ ಸಿಗುತ್ತದೆ. ಅದೇ ಹೆಸರಿನ ರೈಲು ನಿಲ್ದಾಣ ಹಿಂಬದಿಯಲ್ಲಿದೆ. ಎರಡೂವರೆ ಚದರ ಕಿಲೋಮೀಟರಿನ ಈ ಜಾಗವನ್ನು ಆ ಕಡೆಯಿಂದ ನಡೆದು ದಾಟಿದರೆ ಬೆಳಗೆಲ್ಲ ಅದಕ್ಕೇ ಸರಿ. ಎರಡನೇ ದ್ವಾರದಿಂದ ನೇರ ನಡೆದರೆ ಎಡಗಡೆ 32ಎ ಗುಂಪು, ಅಂದರೆ ಸಂಗೀತಗಾರರ ಸಮಾಧಿಗಳಿರುವ ವಿಭಾಗ.

ಇಲ್ಲಿ ಅವಸರ ಮಾಡಬೇಡಿ. ನಡುವೆ ಮೊಜಾರ್ಟ್ ಸ್ಮಾರಕ, ಅದರಡಿ ಏನೂ ಇಲ್ಲ. ಹಿಂದೆ ಬೀಥೋವನ್, ಶೂಬರ್ಟ್. ಇಬ್ಬರನ್ನೂ ಮೊದಲು ಹೂತದ್ದು ವೇರಿಂಗ್ ಎಂಬ ಬಡಾವಣೆಯ ಸ್ಮಶಾನದಲ್ಲಿ. 1863ರಲ್ಲಿ ಅಗೆದು ತೆಗೆದು, ತಲೆಬುರುಡೆ ಅಳೆದು, ಮತ್ತೆ ಅಲ್ಲೇ ಹೂತರು. 1888ರಲ್ಲಿ ಇಲ್ಲಿಗೆ ತಂದರು. ತಂದದ್ದಕ್ಕೆ ಕಾರಣ ಬರೀ ಭಕ್ತಿಯಲ್ಲ. 1874ರಲ್ಲಿ ತೆರೆದ ಈ ಸ್ಮಶಾನ ಊರಾಚೆ ಬಹಳ ದೂರವಾಯಿತೆಂದು ಜನ ಮೂಗು ಮುರಿದಿದ್ದರು; ದೊಡ್ಡವರ ಸಮಾಧಿ ಬಂದರೆ ಉಳಿದವರೂ ಬಂದಾರು ಎಂಬುದು ನಗರಾಡಳಿತದ ಎಣಿಕೆ. ಬ್ರಾಮ್ಸ್ (1897) ಮತ್ತು ಎರಡನೇ ಯೋಹಾನ್ ಸ್ಟ್ರಾಸ್ (1899) ನೇರ ಇಲ್ಲಿಗೇ ಬಂದವರು. ಪಕ್ಕದ 32ಸಿಯಲ್ಲಿ ಓರೆಯಾಗಿ ನಿಂತ ಬಿಳಿ ಕಲ್ಲಿನ ಘನವೊಂದಿದೆ. ಅದು ಸಂಗೀತ ರಚನಕಾರ ಶೋನ್‌ಬರ್ಗ್‌ನದು. 1951ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ತೀರಿಕೊಂಡವನ ಚಿತಾಭಸ್ಮ ಇಲ್ಲಿ ಸೇರಿದ್ದು 1974ರಲ್ಲಿ.

ಒಂಬತ್ತೂವರೆಗೆ ಅದೇ 71ರಲ್ಲಿ ವಾಪಸು ಹೊರಟು ಸೇಂಟ್ ಮಾರ್ಕ್ಸ್‌ನಲ್ಲಿ ಇಳಿಯಿರಿ. ಅಲ್ಲಿಂದ ಸ್ವಲ್ಪ ನಡೆದರೆ ಹೆದ್ದಾರಿಯ ಸದ್ದಿನ ಪಕ್ಕ ಹಳೆಯ ಸ್ಮಶಾನ. 1791ರ ಡಿಸೆಂಬರಿನಲ್ಲಿ ಮೊಜಾರ್ಟನನ್ನು ಹೂತದ್ದು ಇಲ್ಲಿ. ಅನಾಥ ಶವದಂತೆ ಗುಂಡಿಗೆ ಎಸೆದರು ಎಂಬ ಕಥೆಯನ್ನು ನಂಬಬೇಡಿ. ಎರಡನೇ ಜೋಸೆಫ್ ಚಕ್ರವರ್ತಿಯ ಸುಧಾರಣೆಯ ಕಾಲದಲ್ಲಿ ಮಧ್ಯಮ ವರ್ಗದವರಿಗೆಲ್ಲ ಆಗುತ್ತಿದ್ದ ಸರಳ ಸಂಸ್ಕಾರ ಅದು. ಮೇಲೆ ಕಲ್ಲಿಲ್ಲ, ಕೆಲವು ವರ್ಷಗಳ ಮೇಲೆ ಅದೇ ಗುಂಡಿಯಲ್ಲಿ ಬೇರೆಯವರು. ಹಾಗಾಗಿ ನಿಖರ ಜಾಗ ಕಳೆದುಹೋಯಿತು. 1855ರಲ್ಲಿ ವಿಚಾರಿಸಿ, ಇಲ್ಲೇ ಇದ್ದಿರಬಹುದು ಎಂದು ಒಂದು ಜಾಗ ಗುರುತಿಸಿದರು. 1859ರಲ್ಲಿ ಸ್ಮಾರಕ ನಿಂತಿತು. 1891ರಲ್ಲಿ ಅದನ್ನೇ ಕಿತ್ತು ನೀವು ಬೆಳಿಗ್ಗೆ ನೋಡಿದ 32ಎಗೆ ಸಾಗಿಸಿದರು. ಖಾಲಿಯಾದ ಜಾಗದಲ್ಲಿ ಸ್ಮಶಾನದ ಕಾವಲುಗಾರನೊಬ್ಬ ಬೇರೆ ಸಮಾಧಿಗಳಿಂದ ಉಳಿದ ಚೂರುಗಳನ್ನು ಜೋಡಿಸಿ ಗುರುತು ಇಟ್ಟ. ಈಗ ಕಾಣುವ ತುಂಡು ಕಂಬ, ಅದಕ್ಕೆ ಒರಗಿ ತಲೆಗೆ ಕೈಕೊಟ್ಟ ದೇವದೂತ, ಎರಡೂ ಯಾರಾರದೋ ಗೋರಿಯವು. ಇಡೀ ದಿನದಲ್ಲಿ ಬಿಡಲೇಬಾರದ ಜಾಗ ಇದು ಎಂಬುದು ನನ್ನ ಅಭಿಪ್ರಾಯ.

ಮತ್ತೆ 71. ಅದು ರಿಂಗ್ ರಸ್ತೆ ಸುತ್ತಿ ಶೋಟೆಂಟೋರ್‌ಗೆ ಬಿಡುತ್ತದೆ. ಹನ್ನೊಂದೂವರೆ, ಹನ್ನೆರಡಕ್ಕೆ ತಲುಪಿದರೆ ಮೋಲ್ಕರ್ ಬಾಸ್ಟೈ 8ರ ಪಾಸ್ಕ್ವಲಾಟಿ ಮನೆಗೆ ಸಾಕಷ್ಟು ಸಮಯ ಇರುತ್ತದೆ. ನಾಲ್ಕನೇ ಮಹಡಿ, ಸುರುಳಿ ಮೆಟ್ಟಿಲು, ಲಿಫ್ಟ್ ಇಲ್ಲ. 1804ರಿಂದ ಬೀಥೋವನ್ ಬಿಟ್ಟು ಬಿಟ್ಟು ಇಲ್ಲಿದ್ದ. ಐದನೇ ಸಿಂಫನಿ, 'ಫಿಡೇಲಿಯೋ' ಆಪೆರಾದ ಕೆಲಸ ನಡೆದದ್ದು ಈ ಕಾಲದಲ್ಲಿ. ಆದರೆ ಟಿಕೆಟ್ ಕೊಟ್ಟು ನೀವು ಒಳಹೋಗುವುದು ಪಕ್ಕದ ಮನೆಗೆ! ಅವನಿದ್ದ ಮನೆಯಲ್ಲಿ ಬೇರೆಯವರ ಸಂಸಾರ ಇದೆ. ಮೆಟ್ಟಿಲು ಮಾತ್ರ ಅದೇ. ಪಿಯಾನೊಗಳನ್ನು ಇಲ್ಲಿಗೆ ಹೇಗೆ ಹತ್ತಿಸಿರಬೇಕು ಎಂದು ಹತ್ತುವಾಗ ಯೋಚಿಸಿ.

ಊಟ ಮುಗಿಸಿ ಶೋಟೆಂಟೋರ್‌ನಲ್ಲಿ 37 ಹಿಡಿಯಿರಿ. ನಿಲ್ದಾಣಕ್ಕೆ ಎರಡು ಮಜಲು, ಫಲಕ ನೋಡಿಕೊಂಡು ನಿಲ್ಲಿ. ಕನೀಸಿಯುಸ್‌ಗಾಸೆಯಲ್ಲಿ ಇಳಿದರೆ ನುಸ್‌ಡಾರ್ಫರ್ ಸ್ಟ್ರಾಸೆ 54, ಶೂಬರ್ಟ್ 1797ರ ಜನವರಿ 31ರಂದು ಹುಟ್ಟಿದ ಮನೆ. ಒಂದು ಕೋಣೆ, ಒಂದು ಅಡುಗೆಮನೆ ಆ ಸಂಸಾರದ ಪಾಲು. ಅಂಥ ಹಲವು ಬಿಡಾರಗಳ ವಠಾರ ಅದು. ಒಳಗೆ ಬಿಡದಿದ್ದರೂ ಬೇಸರ ಬೇಡ. ಹೆಚ್ಚು ಹೊತ್ತು ಬೇಕಿಲ್ಲ.

ಅದೇ 37 ಕೊನೆಯ ನಿಲ್ದಾಣ ಹೋಹೆ ವಾರ್ಟೆಗೆ ಒಯ್ಯುತ್ತದೆ. ಅಲ್ಲಿಂದ ಇಳಿಜಾರಿನಲ್ಲಿ ಹತ್ತು ನಿಮಿಷ ನಡೆದರೆ ಪ್ರೋಬುಸ್‌ಗಾಸೆ 6, ಹೈಲಿಗೆನ್‌ಶ್ಟಾಟ್. ಕಿವಿ ಕೈಕೊಡುತ್ತಿದೆ ಎಂದು ಬೀಥೋವನ್ ತಮ್ಮಂದಿರಿಗೆ 1802ರ ಅಕ್ಟೋಬರಿನಲ್ಲಿ ಬರೆದ ಪತ್ರ ಈ ಮನೆಯದೆಂದು ನಂಬಿಕೆ. ಅದನ್ನು ಅವನು ಕಳಿಸಲೇ ಇಲ್ಲ, 1827ರಲ್ಲಿ ಅವನು ಸತ್ತ ಮೇಲೆ ಕಾಗದಗಳ ನಡುವೆ ಸಿಕ್ಕಿತು. ಯೋಹಾನ್ ಎಂಬ ತಮ್ಮನ ಹೆಸರು ಬರಬೇಕಾದ ಕಡೆಯಲ್ಲೆಲ್ಲ ಜಾಗ ಖಾಲಿ ಬಿಟ್ಟಿದ್ದಾನೆ. ಇಲ್ಲಿರುವುದು ನಕಲು, ಮೂಲ ಹ್ಯಾಂಬರ್ಗಿನ ಗ್ರಂಥಾಲಯದಲ್ಲಿದೆ.

ಸಂಜೆಗೆ ಎಲ್ಲರೂ ಸ್ಟೇಟ್ ಆಪೆರಾ ಎನ್ನುತ್ತಾರೆ. 1945ರ ಬಾಂಬಿಗೆ ಅದರ ಸಭಾಂಗಣ ಸುಟ್ಟು, 1955ರಲ್ಲಿ ಹೊಸದಾಗಿ ಎದ್ದದ್ದು. ಮಾಹ್ಲರ್ ನಿರ್ದೇಶಕನಾಗಿದ್ದ ಸಭಾಂಗಣ ಅದಲ್ಲ. ಮ್ಯೂಸಿಕ್‌ಫೆರೈನ್‌ನ ಚಿನ್ನದ ಸಭಾಂಗಣ 1870ರದು. ಬ್ರಾಮ್ಸ್‌ನ ಎರಡನೇ ಸಿಂಫನಿ 1877ರಲ್ಲಿ ಮೊದಲು ಮೊಳಗಿದ್ದು ಅಲ್ಲೇ. ಉದ್ದ ಸುಮಾರು 49 ಮೀಟರ್, ಅಗಲ 19, ಎತ್ತರ 18. ನೆಲದಡಿ ಟೊಳ್ಳು, ಚಾವಣಿ ಮೇಲಿನ ತೊಲೆಗಳಿಗೆ ತೂಗುಬಿಟ್ಟದ್ದು. ನಾದ ಕೊಠಡಿಯೆಲ್ಲ ತುಂಬಿ ನಿಲ್ಲುವುದರಲ್ಲಿ ಇವೆರಡಕ್ಕೂ ಪಾಲುಂಟು. ನನ್ನ ಮತ ಇದಕ್ಕೆ. ಹೈಲಿಗೆನ್‌ಶ್ಟಾಟ್‌ನಿಂದ ಯು4 ಮೆಟ್ರೋ ನೇರ ಕಾರ್ಲ್ಸ್‌ಪ್ಲಾಟ್ಸ್‌ಗೆ ಬರುತ್ತದೆ. ನಿಂತು ಕೇಳುವ ಅಗ್ಗದ ಟಿಕೆಟ್ಟಿನವರ ಜಾಗ ನೆಲಮಟ್ಟದ ಹಿಂಭಾಗದಲ್ಲಿ. ಮುಂದಿನ ಸರಳು ಸಿಗದಿದ್ದರೆ ವೇದಿಕೆ ಕಾಣುವುದಿಲ್ಲ, ಆದ್ದರಿಂದ ಬಾಗಿಲು ತೆರೆಯುವ ಮೊದಲೇ ಸರದಿಯಲ್ಲಿರಿ. ಕೋಟು, ಬೆನ್ನುಚೀಲ ಕ್ಲೋಕ್‌ರೂಮಿಗೆ ಕೊಡಬೇಕು. ಕೊಡುವ ಮುಂಚೆ ಸ್ವರಲಿಪಿಯ ಪುಸ್ತಕ ಹೊರಗೆ ತೆಗೆದಿಟ್ಟುಕೊಳ್ಳಿ.