ದಾರಿ ಫಲಕದ ಬುಡದಲ್ಲಿ

ಕೇಳುಗರಿಗೆ ನಮಸ್ಕಾರ.

ಹೆಬ್ಬಾಳದಿಂದ ವಿಮಾನ ನಿಲ್ದಾಣಕ್ಕೆ ಹೊರಟವರು, ಗೊರಗುಂಟೆಪಾಳ್ಯ ದಾಟಿ ತುಮಕೂರಿನ ದಾರಿ ಹಿಡಿದವರು, ಸಿಲ್ಕ್ ಬೋರ್ಡ್ ಬಿಟ್ಟು ಹೊಸೂರಿನತ್ತ ಸಾಗಿದವರು, ಎಲ್ಲರೂ ಒಮ್ಮೆಯಾದರೂ ಕತ್ತೆತ್ತಿ ನೋಡುವುದು ರಸ್ತೆಯ ಮೇಲೆ ಅಡ್ಡಲಾಗಿ ನಿಂತ ದಾರಿ ಫಲಕವನ್ನು. ಊರಿನ ಹೆಸರೂ ಬಾಣದ ಗುರುತೂ ಕಂಡವೆಂದರೆ ಮುಂದೆ ಸಾಗುತ್ತೇವೆ. ಇಂದು ನಿಮ್ಮನ್ನು ಆ ಫಲಕದ ಕಂಬದ ಬುಡಕ್ಕೆ ಕರೆದೊಯ್ಯುತ್ತೇನೆ.

ಕಬ್ಬಿಣದ ಕಂಬ, ತೊಲೆಗಳ ತಪಾಸಣೆಯಲ್ಲೇ ನನ್ನ ದುಡಿಮೆಯ ಬಹುಪಾಲು ವರ್ಷಗಳು ಕಳೆದವು. ಆ ಕೆಲಸ ಕಲಿಸಿದವರು ಒಬ್ಬ ಹಿರಿಯ ಫಿಟ್ಟರ್. ಎಲ್ಲರೂ ಅವರನ್ನು ಮೇಸ್ತ್ರಿಗಳೇ ಎಂದು ಕರೆಯುತ್ತಿದ್ದೆವು. ಕಂಬದ ಬಳಿಗೆ ಹೋದೊಡನೆ ಅವರು ಕುಕ್ಕರುಗಾಲಿನಲ್ಲಿ ಕುಳಿತು, ಕಂಬವನ್ನು ನೆಲದ ಬೋಲ್ಟುಗಳಿಗೆ ಕೂರಿಸುವ ಕಬ್ಬಿಣದ ತಟ್ಟೆಯಾದ ಬೇಸ್ ಪ್ಲೇಟಿನ ಮೇಲಿನ ಮಣ್ಣು ಬಳಿದು, ಸಣ್ಣ ಸುತ್ತಿಗೆಯಿಂದ ಒಂದೊಂದೇ ನಟ್ಟನ್ನು ಬಡಿಯುತ್ತಿದ್ದರು. ಬಿಗಿಯಾದ ನಟ್ಟು ಟಣ್ ಎನ್ನುತ್ತದೆ, ಪೆಟ್ಟು ಕೈಗೆ ಮರಳಿ ಬರುತ್ತದೆ. ಸಡಿಲವಾದದ್ದು ಡಬ್ ಎಂದು ಸುಮ್ಮನಾಗುತ್ತದೆ. ಒಂದು ಕಂಬದ 8 ನಟ್ಟುಗಳಲ್ಲಿ 3 ಡಬ್ ಎಂದವು. ಅವುಗಳಲ್ಲಿ ಒಂದನ್ನು ನಾನು ಬರಿಗೈಯಿಂದಲೇ ತಿರುಗಿಸಿದೆ. ಪಕ್ಕದಲ್ಲಿ ಲಾರಿಗಳು ಸಾಲಾಗಿ ಹೋಗುತ್ತಿದ್ದವು. ಆ ತಣ್ಣನೆಯ ನಟ್ಟು ಬೆರಳುಗಳ ನಡುವೆ ಸರಾಗವಾಗಿ ತಿರುಗಿದ್ದು ಇಂದಿಗೂ ಮರೆತಿಲ್ಲ.

ನಟ್ಟು ಸಡಿಲವಾಗುವುದೇಕೆ? ಫಲಕ ಎಂದೂ ಸುಮ್ಮನಿರುವುದಿಲ್ಲ. ಎತ್ತರದ ಲಾರಿಯೊಂದು ಅಡಿಯಲ್ಲಿ ನುಗ್ಗಿದಾಗಲೆಲ್ಲ ಗಾಳಿ ಅದನ್ನು ಮೇಲಕ್ಕೂ ಪಕ್ಕಕ್ಕೂ ತಳ್ಳುತ್ತದೆ. ಒಂದೇ ಕಾಲಿನ ಮೇಲೆ ತೋಳು ಚಾಚಿ ನಿಂತ ಫಲಕವಾದರೆ ಕಂಬವನ್ನೇ ತಿರುಚುತ್ತದೆ. ಒಂದೊಂದು ಅಲುಗಾಟವೂ ತೀರಾ ಚಿಕ್ಕದು, ಆದರೆ ವರ್ಷಗಳಲ್ಲಿ ಅವು ಲಕ್ಷಗಟ್ಟಲೆ. ತಂತಿಯ ಚೂರನ್ನು ಹಿಂದೆ ಮುಂದೆ ಬಗ್ಗಿಸುತ್ತಲೇ ಇದ್ದರೆ ಕೊನೆಗೊಮ್ಮೆ ಪಟ್ಟನೆ ತುಂಡಾಗುವುದಿಲ್ಲವೇ, ಅದೇ ದಣಿವು ಕಂಬಕ್ಕೂ ಬರುತ್ತದೆ. ಕಂಬವೂ ಪ್ಲೇಟೂ ಕೂಡುವ ವೆಲ್ಡಿಂಗಿನ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು ಹುಟ್ಟುತ್ತದೆ. ಬಣ್ಣದ ಅಡಿಯಲ್ಲಿ ಅದು ಕಾಣುವುದಿಲ್ಲ. ಬಣ್ಣದ ಮೇಲೆ ಕಂದು ನೀರಿನ ಕಲೆ ಇಳಿದಿದ್ದರೆ ಅನುಮಾನ ಪಡಬೇಕು.

ದೊಡ್ಡ ಗಾಳಿಯ ಲೆಕ್ಕ ಬೇರೆ. ಕಟ್ಟಡಗಳ ಮೇಲಿನ ಗಾಳಿಯ ಹೊರೆಯ ಲೆಕ್ಕ ಹೇಳುವ ಭಾರತೀಯ ಮಾನಕ 875ರ ಮೂರನೆಯ ಭಾಗ ಬೆಂಗಳೂರಿಗೆ ಹೇಳುವ ಮೂಲ ಗಾಳಿವೇಗ ಸೆಕೆಂಡಿಗೆ 33 ಮೀಟರ್, ಅಂದರೆ ಗಂಟೆಗೆ ಸುಮಾರು 119 ಕಿಲೋಮೀಟರ್. ಆ ವೇಗದಲ್ಲಿ ಒಂದೊಂದು ಚದರ ಮೀಟರಿನ ಮೇಲೂ ಹತ್ತಿರ ಹತ್ತಿರ 66 ಕಿಲೋ ಒತ್ತಡ ಬೀಳುತ್ತದೆ. 6 ಮೀಟರ್ ಅಗಲ, 3 ಮೀಟರ್ ಎತ್ತರದ ಫಲಕವೆಂದರೆ ಸುಮಾರು 12 ಕ್ವಿಂಟಾಲ್. ಇಂಥ ಚೌಕಟ್ಟಿಗೆ ಹಬ್ಬದ ಶುಭಾಶಯದ ಫ್ಲೆಕ್ಸ್ ಕಟ್ಟುವವರಿದ್ದಾರೆ, ಕೇಬಲ್ ಸುರುಳಿ ನೇತುಹಾಕುವವರಿದ್ದಾರೆ. ಲೆಕ್ಕದಲ್ಲಿಲ್ಲದ ಒಂದೊಂದು ಬಟ್ಟೆಯೂ ಗಾಳಿಗೆ ಒಡ್ಡಿದ ಹಾಯಿ. ಅದನ್ನು ಕಂಡಾಗಲೆಲ್ಲ ನನ್ನ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಇನ್ನೊಂದು ರೋಗ ನೆಲದಲ್ಲಿದೆ. ಹಳೆಯ ಪದರವನ್ನು ಕೆರೆಯದೆ ಡಾಂಬರಿನ ಮೇಲೆ ಡಾಂಬರು ಹಾಕುತ್ತಾ ಹೋದರೆ ರಸ್ತೆ ಏರುತ್ತದೆ, ಫಲಕದ ಅಡಿಯಲ್ಲಿ ಇರಬೇಕಾದ 5.5 ಮೀಟರ್ ಖಾಲಿ ಎತ್ತರ ಕರಗುತ್ತದೆ. ಬುಡದಲ್ಲಿ ಮಣ್ಣು, ಕಸ, ಕಟ್ಟಡದ ಅವಶೇಷ ಗುಡ್ಡೆಯಾಗಿ ಬೋಲ್ಟುಗಳು ಹೂತುಹೋಗುತ್ತವೆ. ಆ ಕಸ ಮಳೆಗಾಲವಿಡೀ ಒದ್ದೆಯಾಗಿದ್ದು ಬೋಲ್ಟಿನ ಸತುವಿನ ಲೇಪವನ್ನು ತಿನ್ನುತ್ತದೆ. ಪ್ಲೇಟಿನ ಅಡಿಗೆ ಗಾರೆ ತುಂಬಿ ಮುಚ್ಚಿದ್ದರಂತೂ ಒಳಗಿನ ತುಕ್ಕು ಯಾರ ಕಣ್ಣಿಗೂ ಬೀಳುವುದಿಲ್ಲ.

2012ರ ಡಿಸೆಂಬರ್ 2ರಂದು ಜಪಾನಿನ ಸಸಾಗೊ ಸುರಂಗದಲ್ಲಿ ಚಾವಣಿಯ ಕಾಂಕ್ರೀಟ್ ಹಲಗೆಗಳು ಓಡುವ ವಾಹನಗಳ ಮೇಲೆ ಕಳಚಿಬಿದ್ದು 9 ಜನ ಸತ್ತರು. 1977ರಿಂದ ಬಳಕೆಯಲ್ಲಿದ್ದ ಸುರಂಗ ಅದು. ಹಲಗೆಗಳನ್ನು ಹಿಡಿದಿದ್ದ ಮೇಲಿನ ಬೋಲ್ಟುಗಳನ್ನು ಸುತ್ತಿಗೆಯಿಂದ ಬಡಿದು ನೋಡುವ ಕೆಲಸ ವರ್ಷಗಳಿಂದ ನಡೆದಿರಲಿಲ್ಲ. ಅದಾದ ಮೇಲೆ, 2014ರಲ್ಲಿ, ಸೇತುವೆ ಸುರಂಗಗಳ ಜೊತೆಗೆ ರಸ್ತೆಗೆ ಅಡ್ಡಲಾಗಿ ಬಾಗಿಲ ಚೌಕಟ್ಟಿನಂತೆ ನಿಂತ ಫಲಕಗಳನ್ನೂ 5 ವರ್ಷಕ್ಕೊಮ್ಮೆ ಹತ್ತಿರದಿಂದ ಕಣ್ಣಾರೆ ನೋಡಲೇಬೇಕೆಂದು ಅಲ್ಲಿ ನಿಯಮವಾಯಿತು. ಮುಂಬಯಿಯ ಘಾಟ್‌ಕೋಪರ್‌ನಲ್ಲಿ 2024ರ ಮೇ 13ರಂದು ಜಾಹೀರಾತು ಫಲಕ ಬಿದ್ದು 17 ಜನ ಪ್ರಾಣ ಕಳೆದುಕೊಂಡರು. ಅಂದಿನಿಂದ ನಾವು ಜಾಹೀರಾತು ಫಲಕಗಳ ಬಗ್ಗೆ ಮಾತನಾಡುತ್ತಿದ್ದೇವೆ. ದಾರಿ ಫಲಕವೂ ಅದೇ ಗಾಳಿಯಲ್ಲಿ ನಿಂತಿದೆ.

ನನ್ನ ಬೇಡಿಕೆ ದೊಡ್ಡದಲ್ಲ. ಪ್ರತಿ ಕಂಬಕ್ಕೂ ಒಂದು ಸಂಖ್ಯೆ, ಒಂದು ರಿಜಿಸ್ಟರ್, ನಿಲ್ಲಿಸಿದ ವರ್ಷ, ಬಿಗಿ ಮಾಡಿದ ದಿನಾಂಕ ಇರಲಿ. ಯುಗಾದಿ ಕಳೆದು ಮೇ ತಿಂಗಳ ಗಾಳಿಮಳೆ ಶುರುವಾಗುವ ಮೊದಲು ಒಂದು ಸುತ್ತು ತಪಾಸಣೆ ಮುಗಿಯಲಿ. ಅಂದು ನಾವು ಆ ನಟ್ಟುಗಳನ್ನು ಎದುರುಬದುರಾಗಿ ಬಿಗಿದ ಮೇಲೆ ಮೇಸ್ತ್ರಿಗಳು ಪ್ರತಿ ನಟ್ಟಿನಿಂದ ಪ್ಲೇಟಿನವರೆಗೆ ಒಂದು ಹಳದಿ ಗೆರೆ ಎಳೆದರು. ನಟ್ಟು ತಿರುಗಿದರೆ ಗೆರೆ ಮುರಿಯುತ್ತದೆ, ದಾರಿಹೋಕನಿಗೂ ಗೊತ್ತಾಗುತ್ತದೆ. ಒಂದು ಡಬ್ಬಿ ಬಣ್ಣದಲ್ಲಿ ಎಷ್ಟು ಕಂಬಗಳಿಗೆ ಗೆರೆ ಎಳೆಯಬಹುದು, ಯೋಚಿಸಿ.

ವಾಲಿದ ಕಂಬ, ನಟ್ಟಿಲ್ಲದ ಬೋಲ್ಟು, ಒಂದು ಮೂಲೆ ಜೋತ ಫಲಕ ರಾಷ್ಟ್ರೀಯ ಹೆದ್ದಾರಿಯಲ್ಲಿ ಕಂಡರೆ ಹೆದ್ದಾರಿ ಸಹಾಯವಾಣಿ 1033ಕ್ಕೆ ಕರೆ ಮಾಡಿ. ವಾಹನವನ್ನು ಆ ಫಲಕದ ಅಡಿಯಲ್ಲಿ ನಿಲ್ಲಿಸಬೇಡಿ, ದಾಟಿ ಹೋಗಿ ನಿಲ್ಲಿಸಿ. ಹತ್ತಿರದ ಕಿಲೋಮೀಟರ್ ಕಲ್ಲಿನ ಸಂಖ್ಯೆಯನ್ನೂ, ಯಾವ ಊರಿನ ಕಡೆಗೆ ಹೋಗುವ ಬದಿ ಎಂಬುದನ್ನೂ ಹೇಳಿ. ಬರುವವರಿಗೆ ಕಂಬ ಸಿಗುವುದು ಅದರಿಂದಲೇ.

ನಮಸ್ಕಾರ.