ಸಾರಿನ ತಳದ ಬೇಳೆ

ಕೇಳುಗರೇ, ನಮಸ್ಕಾರ.

ಹೋದ ಪುಷ್ಯ ಮಳೆಯಲ್ಲಿ ತೀರ್ಥಹಳ್ಳಿ ಕಡೆಯ ನನ್ನ ತವರಿಗೆ ಹೋಗಿದ್ದೆ. ಬೆಳಗ್ಗೆ ಹಿತ್ತಿಲ ಬಾಗಿಲಲ್ಲಿ ಕಾಫಿ ಕುಡಿಯುತ್ತಾ ನಿಂತಿದ್ದಾಗ ನಾಯಿಯ ತಟ್ಟೆ ಕಣ್ಣಿಗೆ ಬಿತ್ತು. ಅದರಲ್ಲಿ ಬೇಯಿಸಿದ ಮೊಟ್ಟೆಯ ಹಳದಿ, ದುಂಡಗೆ, ಒಡೆಯದ ಹಾಗೆ, ಆರು ಇದ್ದವು. ಅಣ್ಣನ ಮಗ ಬಿಳಿ ಭಾಗ ತಿಂದು ಹಳದಿಯನ್ನು ನಾಯಿಗೆ ಹಾಕಿದ್ದ.

ಹುಡುಗನಿಗೆ 22 ವರ್ಷ, 68 ಕೆಜಿ ತೂಕ. ಶಿವಮೊಗ್ಗದಲ್ಲಿ ಓದುತ್ತಾನೆ, ಸಂಜೆ ಜಿಮ್‌ಗೆ ಹೋಗುತ್ತಾನೆ. ಎರಡು ತಿಂಗಳಿಂದ ಅನ್ನ ಮುಟ್ಟಿಲ್ಲ. ರೊಟ್ಟಿ ಇಲ್ಲ, ಕಡುಬು ಇಲ್ಲ, ತೆಂಗಿನಕಾಯಿ ಚಟ್ನಿಯಂತೂ ದೂರ. ಮೊಟ್ಟೆಯ ಬಿಳಿ, ಎಣ್ಣೆ ಹಾಕದೆ ಬೇಯಿಸಿದ ಕೋಳಿ, ಎರಡು ಚಮಚೆ ಪ್ರೋಟೀನ್ ಪುಡಿ. ದಿನಕ್ಕೆ 150 ಗ್ರಾಂ ಪ್ರೋಟೀನ್ ಬೇಕೇ ಬೇಕು ಅಂತ ಯಾರೋ ಹೇಳಿದ್ದರಂತೆ.

"ಅತ್ತೆ, ಮೊದಲನೇ ವಾರವೇ 3 ಕೆಜಿ ಇಳಿದೆ" ಅಂದ. ಆಮೇಲೆ ಮೆಲ್ಲಗೆ ಉಳಿದದ್ದನ್ನೂ ಹೇಳಿದ. ಈಗ ಸುಸ್ತು. ತಲೆನೋವು. ಮಲ ಸರಿಯಾಗಿ ಆಗಲ್ಲ. ಮೊದಲು ಎತ್ತುತ್ತಿದ್ದ ತೂಕ ಈಗ ಎತ್ತಕ್ಕಾಗಲ್ಲ.

ನಾನು ಮೂವತ್ತು ವರ್ಷ ಕಾಲೇಜಿನಲ್ಲಿ ಗೃಹವಿಜ್ಞಾನ ಪಾಠ ಮಾಡಿದವಳು. ಸುಮ್ನೆ ಇರಕ್ಕಾಗಲಿಲ್ಲ. ಹಳೇ ಕ್ಯಾಲೆಂಡರ್ ಹಾಳೆಯೊಂದನ್ನು ತಿರುವಿ ಹಾಕಿ ಇಬ್ಬರೂ ಲೆಕ್ಕಕ್ಕೆ ಕೂತೆವು.

ಒಂದು ಗ್ರಾಂ ಪ್ರೋಟೀನ್‌ನಿಂದ 4 ಕ್ಯಾಲೊರಿ ಶಕ್ತಿ ಸಿಗುತ್ತದೆ. ಅನ್ನ, ರೊಟ್ಟಿ, ಬೆಲ್ಲದಲ್ಲಿರುವ ಕಾರ್ಬೋಹೈಡ್ರೇಟ್‌ಗೂ ಗ್ರಾಂಗೆ 4. ಜಿಡ್ಡಿಗೆ 9. ಅವನ 150 ಗ್ರಾಂ ಪ್ರೋಟೀನ್ ಅಂದರೆ 600 ಕ್ಯಾಲೊರಿ. ಜಿಡ್ಡು ಹೆಚ್ಚೆಂದರೆ 20 ಗ್ರಾಂ, ಅದರಿಂದ 180. ಹಣ್ಣು, ಹಾಲು, ತರಕಾರಿಯಿಂದ ಬಂದ ಕಾರ್ಬ್ 80 ಗ್ರಾಂ, ಅದರಿಂದ 320. ಎಲ್ಲ ಕೂಡಿದರೆ 1100. ಜಿಮ್ ಮಾಡುವ ಆ ಮೈಕಟ್ಟಿನ ಹುಡುಗನಿಗೆ ಬೇಕಾದದ್ದು ಹತ್ತಿರ ಹತ್ತಿರ 2400. ಅರ್ಧ ಹೊಟ್ಟೆ! ಹೊಟ್ಟೆ ತುಂಬಿದ ಹಾಗೆ ಅನ್ನಿಸುತ್ತಿತ್ತು ಅಷ್ಟೇ. ಪ್ರೋಟೀನ್ ಜಾಸ್ತಿ ತಿಂದರೆ ಹಸಿವು ಬೇಗ ಅಡಗುತ್ತದೆ.

ಇಲ್ಲೇ ಇರುವುದು ವಿಷಯ. ನಮ್ಮ ಕಡೆ ಬಚ್ಚಲ ಒಲೆಗೆ ಸೌದೆ ಬೇಕು, ಮನೆ ಕಟ್ಟಲಿಕ್ಕೆ ತೊಲೆ ಬೇಕು. ಎರಡೂ ಮರವೇ. ಮಳೆಗಾಲದಲ್ಲಿ ಸೌದೆ ಮುಗಿದುಹೋದರೆ ಏನು ಮಾಡುತ್ತೀರಿ? ಹಂಡೆ ಕಾಯಲೇಬೇಕು ಅಂತ ಹಟ ಹಿಡಿದರೆ ತೊಲೆಗೆ ತಂದಿಟ್ಟ ಮರವನ್ನೇ ಸೀಳಿ ಒಲೆಗೆ ಇಡಬೇಕಾಗುತ್ತದೆ. ಮೈಯೂ ಹಾಗೇ. ಅನ್ನ ಮತ್ತು ಜಿಡ್ಡು ಸೌದೆ. ಪ್ರೋಟೀನ್ ತೊಲೆ. ಸೌದೆ ಸಾಲದೆ ಹೋದರೆ ಮೈ ಪ್ರೋಟೀನನ್ನೇ ಸುಡುತ್ತದೆ. ತಿಂದ ಕೋಳಿ ಸಾಕಾಗದಿದ್ದರೆ ತೋಳಿನ ಸ್ನಾಯುವಿಗೂ ಕೈ ಹಾಕುತ್ತದೆ. ಸ್ನಾಯು ಬೆಳೆಯಲಿ ಅಂತ ದುಡ್ಡು ಕೊಟ್ಟು ತಂದ ಪುಡಿ ಹೀಗೆ ಒಲೆ ಪಾಲಾಗುತ್ತಿತ್ತು.

ಮೊದಲ ವಾರ ಇಳಿದ 3 ಕೆಜಿಯಲ್ಲಿ ಹೆಚ್ಚಿನದು ನೀರು. ಮೈ ಸ್ವಲ್ಪ ಕಾರ್ಬೋಹೈಡ್ರೇಟನ್ನು ಸ್ನಾಯುವಿನಲ್ಲಿ, ಪಿತ್ತಜನಕಾಂಗದಲ್ಲಿ ಕೂಡಿಟ್ಟುಕೊಂಡಿರುತ್ತದೆ. ಅದರ ಪ್ರತಿ ಗ್ರಾಂ ಜೊತೆಗೆ ಸುಮಾರು 3 ಗ್ರಾಂ ನೀರು ಇರುತ್ತದೆ. ಅನ್ನ ಬಿಟ್ಟಾಗ ಆ ದಾಸ್ತಾನು ಖಾಲಿ, ನೀರೂ ಖಾಲಿ. ತಕ್ಕಡಿಯ ಮುಳ್ಳು ಹಿಂದೆ ಹೋಗುತ್ತದೆ, ಬೊಜ್ಜು ಅಷ್ಟಾಗಿ ಕರಗಿರುವುದಿಲ್ಲ.

ಇನ್ನು ಆ ಹಳದಿ. ಒಂದು ಮೊಟ್ಟೆಯಲ್ಲಿ 6 ಗ್ರಾಂ ಪ್ರೋಟೀನ್ ಇದ್ದರೆ, ಅದರಲ್ಲಿ 2.5 ಗ್ರಾಂಗಿಂತ ಜಾಸ್ತಿ ಹಳದಿಯಲ್ಲೇ ಇದೆ. ಎ ಮತ್ತು ಡಿ ಜೀವಸತ್ವ ಅಲ್ಲೇ ಇದೆ. ಪ್ರೋಟೀನ್ ಬೇಕು ಅಂತ ಪ್ರೋಟೀನನ್ನೇ ನಾಯಿಗೆ ಹಾಕಿದ್ದ ಪಾಪ. ಆರೂ ಹಳದಿ ತಿನ್ನು ಅಂತ ನಾನು ಹೇಳಲಿಲ್ಲ. ಒಂದೆರಡು ಮೊಟ್ಟೆ ಇಡಿಯಾಗಿ ತಿನ್ನು ಅಂದೆ. ಜಿಡ್ಡನ್ನು ಪೂರ್ತಿ ಬಿಟ್ಟರೆ ಎ, ಡಿ, ಇ, ಕೆ ಜೀವಸತ್ವಗಳು ಮೈಗೆ ಹತ್ತುವುದಿಲ್ಲ. ನಮ್ಮಲ್ಲಿ ಒಂದೆಲಗದ ತಂಬುಳಿಗೆ ಕಾಯಿ ಅರೆದು ತುಪ್ಪದ ಒಗ್ಗರಣೆ ಹಾಕುತ್ತಾರಲ್ಲ, ಅದು ಬರೀ ಪರಿಮಳಕ್ಕೆ ಅಂದುಕೊಳ್ಳಬೇಡಿ.

ಹಾಗಾದರೆ ಎಷ್ಟು ಬೇಕು? ಆರೋಗ್ಯವಾಗಿರುವ ದೊಡ್ಡವರಿಗೆ ಮೈತೂಕದ ಪ್ರತಿ ಕೆಜಿಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಅಂತ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಹೇಳುತ್ತದೆ. ಭಾರ ಎತ್ತಿ ಮೈ ಬೆಳೆಸುವವರಿಗೆ ಕೆಜಿಗೆ 1.6 ಗ್ರಾಂವರೆಗೆ ಹೋದರೆ ಸಾಕು. ನಮ್ಮ ಹುಡುಗನಿಗೆ ಅದು 110 ಗ್ರಾಂ ಹತ್ತಿರ ಆಗುತ್ತದೆ. 440 ಕ್ಯಾಲೊರಿ. ಜಿಡ್ಡು 70 ಗ್ರಾಂ ಇಟ್ಟರೆ 630. ಉಳಿದ 1330 ಕ್ಯಾಲೊರಿ ಕಾರ್ಬ್‌ನಿಂದ ಬರಲಿ, ಅಂದರೆ 330 ಗ್ರಾಂ ಚಿಲ್ಲರೆ. ಇದು ಹೆಚ್ಚು ಪ್ರೋಟೀನಿನ ಊಟವೇ. ಆದರೆ ಇದರಲ್ಲಿ ಅನ್ನಕ್ಕೆ ಜಾಗ ಇದೆ. ಬಂಗುಡೆ ಸಾರಿಗೂ ಇದೆ. ಮೀನಿನ ಜಿಡ್ಡು ಒಳ್ಳೆಯ ಜಿಡ್ಡು. ಪುಡಿಯ ಬಗ್ಗೆ ಕೇಳಿದ. ಅದು ವಿಷ ಅಲ್ಲ, ಹಾಲಿನಿಂದ ತೆಗೆದದ್ದೇ. ಆದರೆ ಒಂದು ದೊಡ್ಡ ಚಮಚೆ ಪುಡಿಯಲ್ಲಿ ಇರುವ ಪ್ರೋಟೀನ್ ಮುಕ್ಕಾಲು ಲೀಟರ್ ಹಾಲಿನಲ್ಲೂ ಇದೆ. ಕೊಟ್ಟಿಗೆಯಲ್ಲಿ ಹಸು ಕಟ್ಟಿದ ಮನೆಯ ಹುಡುಗ ಅವನು.

ಇಷ್ಟು ಹೊತ್ತಿಗೆ ಅತ್ತಿಗೆ ಬಂದು ಪಕ್ಕದಲ್ಲಿ ಕೂತರು. "ಅವನದ್ದಾಯ್ತಲ್ಲ, ನನ್ನದೂ ಒಂದು ಲೆಕ್ಕ ನೋಡು" ಅಂದರು. ನಿಜ ಹೇಳುತ್ತೇನೆ, ಅವರ ಲೆಕ್ಕ ನೋಡಿ ನನಗೆ ಜಾಸ್ತಿ ಬೇಜಾರಾಯಿತು.

ಅತ್ತಿಗೆಗೆ 52 ವರ್ಷ, 58 ಕೆಜಿ. ಬೆಳಗ್ಗೆ ಎರಡು ಅಕ್ಕಿ ರೊಟ್ಟಿ, ಚಟ್ನಿ, ಕಾಫಿ. ಮಧ್ಯಾಹ್ನ ಅನ್ನ, ಸಾರು, ಮಜ್ಜಿಗೆ. ರಾತ್ರಿ ಮತ್ತೆ ಅದೇ. ಕೋಳಿ ಸಾರು ಮಾಡಿದ ದಿನ ಒಳ್ಳೆಯ ತುಂಡೆಲ್ಲ ಗಂಡಸರಿಗೆ, ಮಕ್ಕಳಿಗೆ. ಇವರಿಗೆ ರಸ. ಮೊಟ್ಟೆ ಮಗನಿಗೇ ಬೇಕಲ್ಲ ಅಂತ ಇವರು ತಿನ್ನುವುದನ್ನೇ ಬಿಟ್ಟಿದ್ದರು.

"ಯಾಕೆ, ಎರಡು ಹೊತ್ತೂ ಬೇಳೆ ಸಾರು ಉಣ್ಣುತ್ತೀನಲ್ಲ?" ಅಂದರು. ಅಡುಗೆಮನೆಗೆ ಹೋಗಿ ಪಾತ್ರೆ ನೋಡಿದೆ. ಐದು ಜನರ ಸಾರಿಗೆ 100 ಗ್ರಾಂ ತೊಗರಿಬೇಳೆ. ಅದರಲ್ಲಿ ಪ್ರೋಟೀನ್ 22 ಗ್ರಾಂ. ಒಬ್ಬರ ಪಾಲಿಗೆ 4 ಗ್ರಾಂ ಸ್ವಲ್ಪ ಮೇಲೆ. ಅದೂ ಸೌಟು ತಳಕ್ಕೆ ಹೋದರೆ. ಅತ್ತಿಗೆ ಬಡಿಸಿಕೊಳ್ಳುವುದನ್ನು ನಾನು ಮಧ್ಯಾಹ್ನ ಕಂಡಿದ್ದೆ. ಪಾತ್ರೆ ಅಲ್ಲಾಡಿಸದೆ ಮೇಲಿನ ತಿಳಿಯನ್ನು ಮಾತ್ರ ಅನ್ನದ ಮೇಲೆ ಹುಯ್ದುಕೊಳ್ಳುತ್ತಾರೆ. ಬೇಳೆ ತಳದಲ್ಲೇ ಉಳಿಯುತ್ತದೆ.

ದಿನಕ್ಕೆ ಅವರಿಗೆ ಸಿಗುತ್ತಿದ್ದದ್ದು 38 ಗ್ರಾಂ ಆಸುಪಾಸು. ಅರ್ಧಕ್ಕಿಂತ ಜಾಸ್ತಿ ಅಕ್ಕಿಯಿಂದಲೇ ಬಂದದ್ದು. ಅಕ್ಕಿಯ ಪ್ರೋಟೀನಿನಲ್ಲಿ ಲೈಸಿನ್ ಅನ್ನುವ ಅಂಶ ಕಡಿಮೆ. ಬೇಳೆ ಕಾಳುಗಳಲ್ಲಿ ಅದು ಬೇಕಾದಷ್ಟಿದೆ. ಅನ್ನದ ಜೊತೆ ಬೇಳೆ ಬೇಕು ಅನ್ನುವುದು ಇದಕ್ಕೇ. ಅತ್ತಿಗೆಯ ತೂಕಕ್ಕೆ ದಿನಕ್ಕೆ ಬೇಕಿದ್ದ ಪ್ರೋಟೀನ್ ಕಡಿಮೆ ಅಂದರೂ 48 ಗ್ರಾಂ. ಐವತ್ತು ದಾಟಿದ ಮೇಲೆ ಸ್ನಾಯು ತಾನಾಗೇ ಸವೆಯುತ್ತಾ ಬರುತ್ತದೆ. ಹಾಗಾಗಿ ಕೆಜಿಗೆ 1 ಗ್ರಾಂ ಇಟ್ಟುಕೊಳ್ಳಿ ಅಂತ ನಾನು ಹೇಳುತ್ತೇನೆ. ಒಂದೇ ಅಡುಗೆಮನೆಯಲ್ಲಿ ಮಗ 150 ತಿಂದು ಸುಡುತ್ತಿದ್ದ, ತಾಯಿಗೆ 40 ಕೂಡ ಇರಲಿಲ್ಲ.

ಏನು ಮಾಡಿದೆವು ಅಂದರೆ, ದಿನಕ್ಕೆ ಒಂದು ಮೊಟ್ಟೆ, ಒಂದು ಹಿಡಿ ನೆಲಗಡಲೆ, ಒಂದು ಹೊತ್ತಿಗೆ ಹುರುಳಿ ಅಥವಾ ಹೆಸರುಕಾಳಿನ ಪಲ್ಯ ಸೇರಿಸಿದೆವು. ಮೂರೂ ಸೇರಿ 20 ಗ್ರಾಂ ಪ್ರೋಟೀನ್ ಬಂತು. ಜೊತೆಗೆ 340 ಕ್ಯಾಲೊರಿಯೂ ಬಂತು. ನೆಲಗಡಲೆಯಲ್ಲಿ ಪ್ರೋಟೀನಿಗಿಂತ ಜಿಡ್ಡೇ ಜಾಸ್ತಿ, ಹಾಗಾಗಿ ಹಿಡಿ ಅಂದರೆ ಒಂದೇ ಹಿಡಿ. ಅಷ್ಟನ್ನು ಹಾಗೇ ಸೇರಿಸಿದರೆ ತೂಕ ಏರುತ್ತದೆ. ಅದಕ್ಕೇ ಒಂದು ರೊಟ್ಟಿ, ಒಂದು ಸೌಟು ಅನ್ನ ಕಡಿಮೆ ಮಾಡಿಸಿದೆ. ಲೆಕ್ಕ ಸರಿಹೋಯಿತು. ಬಿಟ್ಟ ಅನ್ನ ರೊಟ್ಟಿಯಿಂದ 7 ಗ್ರಾಂ ಪ್ರೋಟೀನ್ ಹೋಗುತ್ತದೆ ನೋಡಿ, ಅದಕ್ಕೆ ನೀರು ಮಜ್ಜಿಗೆಯ ಬದಲು ಒಂದು ಬಟ್ಟಲು ಗಟ್ಟಿ ಮೊಸರು. ಮೊಟ್ಟೆ ತಿನ್ನದ ಮನೆಯವರು ಇನ್ನೊಂದು ಲೋಟ ಹಾಲು, ಇಲ್ಲವೇ ಅಲಸಂದೆ, ಸೋಯಾ ನೋಡಬಹುದು.

ಹಲಸಿನ ಬೀಜ, ಅಣಬೆ, ಕಳಲೆಯಲ್ಲಿ ಭಾರೀ ಪ್ರೋಟೀನ್ ಇದೆ ಅಂತ ನಮ್ಮಲ್ಲಿ ಹೇಳುವವರಿದ್ದಾರೆ. ತಿನ್ನಿ, ರುಚಿ ಬೇರೆಲ್ಲೂ ಸಿಗಲ್ಲ. ಆದರೆ ಹಲಸಿನ ಬೀಜದಲ್ಲಿ ಹೆಚ್ಚಿಗೆ ಇರುವುದು ಪಿಷ್ಟ. ಹಸಿ ಅಣಬೆ 100 ಗ್ರಾಂಗೆ ಪ್ರೋಟೀನ್ 3 ಗ್ರಾಂ ಆಸುಪಾಸು.

ಒಂದು ಮಾತನ್ನು ದಯವಿಟ್ಟು ಗಮನ ಇಟ್ಟು ಕೇಳಿ. ಮೂತ್ರಪಿಂಡದ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಪ್ರೋಟೀನ್ ಜಾಸ್ತಿ ಮಾಡಬೇಡಿ. ಪ್ರೋಟೀನಿನ ಕಸವನ್ನು ಹೊರಗೆ ಹಾಕುವ ಕೆಲಸ ಅದರದ್ದೇ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತಗೊಳ್ಳುವವರು ಒಮ್ಮೆಲೇ ಅನ್ನ ಬಿಡಬೇಡಿ. ಮದ್ದು ಅಷ್ಟೇ ಇದ್ದು ಊಟ ಕಡಿಮೆಯಾದರೆ ಸಕ್ಕರೆ ತೀರಾ ಕೆಳಗೆ ಇಳಿದು ಬಿದ್ದುಬಿಡಬಹುದು.

ಹುರುಳಿ ವಿಷಯ ಹೇಳದೆ ಮುಗಿಸಲಾರೆ. ನಾನು ಚಿಕ್ಕವಳಿದ್ದಾಗ ದೊಡ್ಡ ಚರಿಗೆಯಲ್ಲಿ ಹುರುಳಿ ಬೇಯಿಸುತ್ತಿದ್ದರು. ಬೆಂದ ಕಾಳು ಎತ್ತುಗಳಿಗೆ. ಬಸಿದ ಕಟ್ಟು ನಮ್ಮ ಸಾರಿಗೆ. ಆ ಸಾರಿನ ರುಚಿ ಈಗಲೂ ನಾಲಿಗೆಯ ಮೇಲಿದೆ. ಆದರೆ ಪ್ರೋಟೀನ್ ಹೆಚ್ಚಿನದು ಕಾಳಿನಲ್ಲೇ ಉಳಿದು ಗದ್ದೆ ಹೂಡುವವನ ಹೊಟ್ಟೆಗೆ ಹೋಗುತ್ತಿತ್ತು. ಈಗ ಎಷ್ಟೋ ಮನೆಗಳಲ್ಲಿ ಎತ್ತು ಇಲ್ಲ, ಟಿಲ್ಲರ್ ಬಂದಿದೆ. ಕಾಳು ನಮಗೇ ಇರಲಿ.

ಅತ್ತಿಗೆಗೆ ಇದ್ದ ತಕರಾರು ಒಂದೇ, ಹುರುಳಿ ಬೇಗ ಬೇಯಲ್ಲ, ಗ್ಯಾಸ್ ದಂಡ. ರಾತ್ರಿ ನೆನೆಹಾಕಿ, ಬೆಳಗ್ಗೆ ನೀರು ಬಸಿದು ಬಟ್ಟೆಯಲ್ಲಿ ಕಟ್ಟಿಡಿ. ಮಳೆಗಾಲದ ಥಂಡಿಗೆ ಮೊಳಕೆ ತಡ, ಒಲೆಯ ಹತ್ತಿರ ಬೆಚ್ಚಗಿನ ಮೂಲೆಯಲ್ಲಿ ತೂಗುಹಾಕಿ. ಒಂದೂವರೆ ದಿನಕ್ಕೆ ಬಿಳಿ ಮೂತಿ ತೋರಿಸುತ್ತದೆ. ಆಮೇಲೆ ಕುಕ್ಕರಿನಲ್ಲಿ ಬೇಗ ಮೆತ್ತಗಾಗುತ್ತದೆ. ಈರುಳ್ಳಿ, ಒಣಮೆಣಸು, ಒಂದು ಹಿಡಿ ಕಾಯಿತುರಿ ಹಾಕಿ ಒಗ್ಗರಣೆ ಕೊಡಿ. ಆ ಕಾಯಿತುರಿ ಬೇಕು, ಬಿಡಬೇಡಿ.

ಇವತ್ತು ರಾತ್ರಿ ಮಲಗುವ ಮುಂಚೆ ಒಂದು ಲೋಟ ಹುರುಳಿ ನೆನೆಹಾಕಿ. ನಮಸ್ಕಾರ.